ಈಚಲ ಮರದ ನೆರಳು

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದವನನ್ನೂ ಲೋಕವು ಹೆಂಡ ಕುಡಿದನೆಂದೇ ಹೇಳುವುದೆಂಬ ಗಾದೆಯು ಕನ್ನಡ ನಾಡಿನ ಹಳ್ಳಿಹಳ್ಳಿಯಲ್ಲಿಯೂ ಬಳಕೆಯಲ್ಲಿದೆ. ಮರ್ಯಾದಸ್ಥನಾದವನು ಅಂತಹ ಮರದ ನೆರಳಿಗೇ ಹೋಗಬಾರದೆಂಬ ಹಿತೋಪದೇಶವು ಅದರಲ್ಲಿ ಅಡಗಿದೆ. ಉಪದೇಶವೇನೋ ಒಳ್ಳೆಯದೇ. ಆದರೆ ಊರಿನ ಅರಳಿಕಟ್ಟೆ, ಗುಡಿಯ ಪ್ರಾಕಾರ, ಮನೆಯ ಜಗುಲಿ, ಇವೆಲ್ಲವುಗಳಿಂದಲೂ ಹೊರದೂಡಲ್ಪಟ್ಟು, ಈಚಲ ಮರವೊಂದಲ್ಲದೆ ಬೇರೆ ನೆರಳೇ ಇಲ್ಲದವನು ಎಲ್ಲಿ ಕುಳಿತುಕೊಳ್ಳಬೇಕು? ಈ ಪ್ರಶ್ನೆಗೆ ಗಾದೆಯಲ್ಲಿ ಉತ್ತರವಿಲ್ಲ. ಗಾದೆಯನ್ನು ಹೇಳುವವರಲ್ಲಿಯೂ ಇಲ್ಲ.

ಪಶ್ಚಿಮದ ಮಹಾನಗರಗಳಲ್ಲಿ ಶುಕ್ರವಾರದ ರಾತ್ರಿ ಸಮಲಿಂಗಾನುರಾಗಿಗಳಾದ ಸ್ತ್ರೀಪುರುಷರು ತಮ್ಮವೇ ಆದ ಪಾನಗೃಹಗಳನ್ನು ಒಂದೊಂದಾಗಿ ಸುತ್ತಿಬರುವ ರೂಢಿಯುಂಟು. ಆ ಸ್ಥಳಗಳಿಗೆ ಅಲ್ಲಿ ಗೇ ಬಾರುಗಳೆಂದು ಹೆಸರು. ಈ ರೂಢಿಯ ಮೇಲೆ ಸಭ್ಯರೆನಿಸಿಕೊಂಡವರು ಹೊರಿಸುವ ಅಪವಾದಗಳು ಮೂರು. ಇದು ದುರ್ನೀತಿಯೆಂಬುದು ಮೊದಲನೆಯದು, ದುರ್ವ್ಯಸನವೆಂಬುದು ಎರಡನೆಯದು, ಕಾನೂನು ಬದಲಾಗಿ ವಿವಾಹದ ಹಕ್ಕೂ ದೊರೆತ ಮೇಲೆ ಇಂತಹ ಪ್ರತ್ಯೇಕ ಸ್ಥಳಗಳು ಅನಾವಶ್ಯಕವೆಂಬುದು ಮೂರನೆಯದು. ಇವುಗಳನ್ನು ಗಾಳಿಯಲ್ಲಿ ಚರ್ಚಿಸುವುದಕ್ಕಿಂತ ಒಂದು ಊರಿನ ನೆಲದ ಮೇಲೆ ನಿಲ್ಲಿಸಿ ನೋಡುವುದು ಮೇಲು. ನ್ಯೂಯಾರ್ಕ್ ನಗರದ ಗ್ರೀನಿಚ್ ವಿಲೇಜ್ ಎಂಬ ಹಳೆಯ ಪೇಟೆಯು ಇದಕ್ಕೆ ತಕ್ಕ ಸ್ಥಳ. ಅಲ್ಲಿನ ನಾಲ್ಕಾರು ಪ್ರಸಿದ್ಧ ಪಾನಗೃಹಗಳು ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗುವಷ್ಟು ಸಮೀಪದಲ್ಲಿವೆ. ಒಂದೊಂದರ ಬಾಗಿಲಿನಲ್ಲಿಯೂ ಒಂದೊಂದು ಆಕ್ಷೇಪಕ್ಕೆ ಉತ್ತರವು ನಿಂತಿದೆ.

ಕನ್ನಡದ ಮನೆಗಳಲ್ಲಿ ಶುಕ್ರವಾರದ ಸಂಜೆಯೆಂದರೆ ಹೊಸ್ತಿಲಿಗೆ ರಂಗವಲ್ಲಿಯನ್ನು ಬರೆದು, ದೇವರ ಮುಂದೆ ದೀಪವನ್ನು ಹಚ್ಚಿ, ಮನೆಯವರೆಲ್ಲರೂ ಒಳಗೆ ಸೇರುವ ಹೊತ್ತು. ನ್ಯೂಯಾರ್ಕಿನಲ್ಲಿ ಅದು ಐದು ದಿನದ ದುಡಿಮೆ ಮುಗಿದು ಎರಡು ದಿನದ ಬಿಡುವು ತೊಡಗುವ ಹೊತ್ತು. ಎರಡು ಕಡೆಯಲ್ಲಿಯೂ ಮನುಷ್ಯನು ತನ್ನವರನ್ನು ಅರಸಿಕೊಂಡು ಹೋಗುವ ಸಮಯವೇ ಅದು. ತನ್ನ ಸ್ವಭಾವವು ತಿಳಿದರೆ ಮನೆಯವರು ಹೊಸ್ತಿಲು ದಾಟಗೊಡರೆಂಬ ಭಯವುಳ್ಳವನಿಗೆ ತನ್ನವರು ಯಾರು? ೧೯೬೦ರ ದಶಕದ ಅಮೇರಿಕದಲ್ಲಿ ಇಂತಹವನಿಗೆ ತೆರೆದಿದ್ದ ಬಾಗಿಲುಗಳನ್ನು ಎಣಿಸುವುದು ಸುಲಭ. ಮುಚ್ಚಿದ್ದ ಬಾಗಿಲುಗಳೇ ಹೆಚ್ಚು. ೧೯೫೩ರಲ್ಲಿ ಅಧ್ಯಕ್ಷ ಐಸೆನ್‌ಹೋವರರು ಹೊರಡಿಸಿದ ಆಜ್ಞೆಯ ಪ್ರಕಾರ ಅವನು ಕೇಂದ್ರ ಸರ್ಕಾರದ ನೌಕರಿಗೆ ಅನರ್ಹನು. ಅಲ್ಲಿನ ಮನೋವೈದ್ಯರ ಸಂಘವು ೧೯೭೩ರವರೆಗೂ ಅವನ ಸ್ವಭಾವವನ್ನು ರೋಗಗಳ ಪಟ್ಟಿಯಲ್ಲಿಟ್ಟಿತ್ತು. ೧೯೬೯ರ ನಡುವಿನಲ್ಲಿ ಇಲಿನಾಯ್ ಒಂದನ್ನುಳಿದು ಬೇರೆಲ್ಲ ರಾಜ್ಯಗಳಲ್ಲಿಯೂ ಅವನ ಪ್ರೇಮವು ಶಿಕ್ಷಾರ್ಹವಾಗಿತ್ತು. ಕಛೇರಿಯಿಲ್ಲ, ಚರ್ಚು ಇಲ್ಲ, ವೈದ್ಯನ ಸಹಾನುಭೂತಿಯಿಲ್ಲ, ತಂದೆತಾಯಿಗಳ ಊಟದ ಮೇಜಿಲ್ಲ. ಉಳಿದದ್ದು ಹೆಂಡದಂಗಡಿ, ಅದೂ ನಿರಾತಂಕವಾಗಿ ದೊರೆಯಲಿಲ್ಲ.

ಪಶ್ಚಿಮ ಹತ್ತನೆಯ ಬೀದಿಯ ೧೫೯ನೆಯ ನಂಬರಿನಲ್ಲಿರುವ ಜೂಲಿಯಸ್ ಎಂಬ ಪಾನಗೃಹವು ಈ ಮಾತಿಗೆ ಸಾಕ್ಷಿ. ಅಮೇರಿಕದಲ್ಲಿ ೧೯೨೦ರಿಂದ ೧೯೩೩ರವರೆಗೆ ಪಾನನಿಷೇಧವು ಜಾರಿಯಲ್ಲಿದ್ದುದು ಸರ್ವವಿದಿತವಾಗಿದೆ. ಅದು ರದ್ದಾದ ಮೇಲೆ ನ್ಯೂಯಾರ್ಕ್ ರಾಜ್ಯದಲ್ಲಿ ಮದ್ಯದಂಗಡಿಗಳ ಲೈಸೆನ್ಸನ್ನು ಕೊಡುವುದಕ್ಕೂ ಕಸಿದುಕೊಳ್ಳುವುದಕ್ಕೂ ಒಂದು ಅಬಕಾರಿ ಮಂಡಲಿಯು ಏರ್ಪಟ್ಟಿತು. ಅಂಗಡಿಯು ಅವ್ಯವಸ್ಥಿತವಾಗಿರಕೂಡದೆಂಬುದು ಕಾನೂನಿನ ಮಾತು. ಸಮಲಿಂಗಾನುರಾಗಿಗಳು ಬಂದು ಕುಳಿತರೆ ಅದೇ ಅವ್ಯವಸ್ಥೆಯೆಂಬುದು ಅಧಿಕಾರಿಗಳು ಅದಕ್ಕೆ ಹಚ್ಚಿದ ಅರ್ಥ. ಅವರು ಕೂಗಬೇಕಾಗಿರಲಿಲ್ಲ, ಜಗಳವಾಡಬೇಕಾಗಿರಲಿಲ್ಲ, ಕುಳಿತಿದ್ದರೆ ಸಾಕಾಗಿತ್ತು. ೧೯೬೬ನೆಯ ಇಸವಿ ಏಪ್ರಿಲ್ ತಿಂಗಳ ೨೧ನೆಯ ತಾರೀಖು ಮ್ಯಾಟಶೀನ್ ಸೊಸೈಟಿಯ ಡಿಕ್ ಲೀಟ್ಶ್, ಕ್ರೇಗ್ ರಾಡ್ವೆಲ್, ಜಾನ್ ಟಿಮನ್ಸ್ ಎಂಬ ಮೂವರು ಕೋಟು ಟೈಗಳನ್ನು ಧರಿಸಿ, ಪತ್ರಿಕಾಪ್ರತಿನಿಧಿಗಳನ್ನು ಸಂಗಡ ಕರೆದುಕೊಂಡು, ಅಂಗಡಿಯಿಂದ ಅಂಗಡಿಗೆ ಹೋದರು. ತಾವು ಸಮಲಿಂಗಾನುರಾಗಿಗಳೆಂದೂ, ಶಾಂತರಾಗಿಯೇ ಇರುವರೆಂದೂ ತಿಳಿಸಿ, ಪಾನೀಯವನ್ನು ಕೇಳುವುದು ಅವರ ಸತ್ಯಾಗ್ರಹದ ಕ್ರಮ. ಬೇರೆ ಕಡೆಗಳಲ್ಲಿ ಮದ್ಯವು ದೊರೆತೇ ಹೋಯಿತು. ಜೂಲಿಯಸ್ಸಿನಲ್ಲಿ ರ್ಯಾಂಡಿ ವಿಕರನೂ ಅವರನ್ನು ಸೇರಿಕೊಂಡನು. ಅಲ್ಲಿ ಬಡಿಸುವವನು ಲೋಟವನ್ನು ಅವರ ಮುಂದಿಟ್ಟಿದ್ದವನು, ಈ ಮಾತನ್ನು ಕೇಳಿದೊಡನೆಯೇ ಲೋಟದ ಬಾಯಿಯ ಮೇಲೆ ತನ್ನ ಅಂಗೈಯನ್ನು ಮುಚ್ಚಿದನು. ಆ ಕೈಯ ಛಾಯಾಚಿತ್ರವು ಇಂದಿಗೂ ಉಳಿದಿದೆ.

ಲೋಟವನ್ನು ಮುಚ್ಚಿದ ಆ ಕೈಯು ಕುಡುಕರಿಂದ ಸಮಾಜವನ್ನು ಕಾಪಾಡುವ ಕೈಯೆಂದು ಯಾರೂ ಭ್ರಮಿಸಬಾರದು. ಅದೇ ಕೈ ಅದೇ ಹೊತ್ತಿನಲ್ಲಿ ಪಕ್ಕದ ಗಿರಾಕಿಗೆ ಧಾರಾಳವಾಗಿ ಸುರಿಯುವುದಕ್ಕೆ ಸಿದ್ಧವಾಗಿತ್ತು. ಆಕ್ಷೇಪವಿದ್ದುದು ಲೋಟದೊಳಗಿನ ವಸ್ತುವಿನ ಮೇಲಲ್ಲ. ಲೋಟದ ಮುಂದೆ ಕುಳಿತ ಮನುಷ್ಯನ ಮೇಲೆ.

ಇಂತಹ ನಿಯಮಗಳ ಫಲವೇನಾಯಿತೆಂಬುದನ್ನು ನೋಡಬೇಕಾದರೆ ಅಲ್ಲಿಂದ ಸ್ವಲ್ಪ ದೂರದಲ್ಲಿರುವ ಕ್ರಿಸ್ಟೋಫರ್ ಬೀದಿಗೆ ಹೋಗಬೇಕು. ನ್ಯಾಯವಾಗಿ ವ್ಯಾಪಾರ ಮಾಡುವ ಅಂಗಡಿಕಾರನು ಲೈಸೆನ್ಸು ಹೋಗುವ ಭಯದಿಂದ ಈ ಗಿರಾಕಿಗಳನ್ನು ಹೊರಗಟ್ಟಿದನು. ಲೈಸೆನ್ಸಿನ ಗೊಡವೆಯೇ ಇಲ್ಲದ ಅಂಗಡಿಕಾರನು ಅವರನ್ನು ಒಳಗೆ ಕರೆದನು. ಅವನು ಯಾರು? ಪಾನನಿಷೇಧದ ಕಾಲದಲ್ಲಿ ಕಳ್ಳಭಟ್ಟಿಯಿಂದ ಕೊಬ್ಬಿದ ಮಾಫಿಯಾ ಎಂಬ ದುಷ್ಟಕೂಟದವನು. ೫೧ ಮತ್ತು ೫೩ನೆಯ ನಂಬರಿನ ಕಟ್ಟಡದಲ್ಲಿದ್ದ ಸ್ಟೋನ್‌ವಾಲ್ ಇನ್ ಎಂಬ ಉಪಾಹಾರಗೃಹವನ್ನು ಅವರು ೧೯೬೭ರಲ್ಲಿ ಪಾನಗೃಹವನ್ನಾಗಿ ಮಾಡಿದರು. ಲೈಸೆನ್ಸಿಲ್ಲದುದರಿಂದ ಅದು ಸದಸ್ಯರು ತಮ್ಮ ತಮ್ಮ ಸೀಸೆಗಳನ್ನು ತಂದಿಟ್ಟುಕೊಂಡಿರುವ ಖಾಸಗಿ ಕ್ಲಬ್ಬೆಂಬ ಸೋಗನ್ನು ಹಾಕಿತ್ತು. ಬಾಗಿಲಿನ ಕಿಂಡಿಯಲ್ಲಿ ಮುಖವನ್ನು ನೋಡಿ ಒಳಗೆ ಬಿಡುವರು. ವಾರದ ಕೊನೆಯಲ್ಲಿ ಮೂರು ಡಾಲರು ಪ್ರವೇಶಧನ. ಒಳಗೆ ಪುಸ್ತಕವೊಂದರಲ್ಲಿ ಹೆಸರನ್ನು ಬರೆಯಬೇಕು, ಬರೆಯುವವರು ಬರೆಯುತ್ತಿದ್ದುದು ಸುಳ್ಳು ಹೆಸರನ್ನು. ಮದ್ಯಕ್ಕೆ ನೀರು ಬೆರೆತಿರುವುದು. ಲೋಟಗಳನ್ನು ತೊಳೆಯುವುದಕ್ಕೆ ಹರಿಯುವ ನೀರಿಲ್ಲ. ಬೆಂಕಿ ಬಿದ್ದರೆ ಓಡುವುದಕ್ಕೆ ಹಿಂಬಾಗಿಲಿಲ್ಲ. ಪೋಲೀಸಿನವರಿಗೆ ಮಾಮೂಲು ತಪ್ಪದೆ ಸಲ್ಲುತ್ತಿತ್ತು. ಅನುಕೂಲಸ್ಥರಾದ ಗಿರಾಕಿಗಳ ಗುಟ್ಟನ್ನು ಹಿಡಿದು ಅವರಿಂದ ಹಣವನ್ನು ಸುಲಿಯುತ್ತಿದ್ದರೆಂದೂ ಇತಿಹಾಸಕಾರರು ಬರೆದಿದ್ದಾರೆ.

ದುರ್ನೀತಿಯೆಂಬ ಮೊದಲನೆಯ ಅಪವಾದಕ್ಕೆ ಇದಕ್ಕಿಂತ ಬೇರೆ ಉತ್ತರವು ಬೇಕಾಗಿಲ್ಲ. ಆ ಕಟ್ಟಡದಲ್ಲಿ ದುರ್ನೀತಿಯು ಇರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಅಲ್ಲಿ ಅದು ಬೇಕಾದಷ್ಟಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಅದು ಇತ್ತು. ಮಾಮೂಲನ್ನು ಎಣಿಸಿಕೊಳ್ಳುವ ಕೈಯಲ್ಲಿ ಅದು ಇತ್ತು. ಒಬ್ಬ ಮನುಷ್ಯನ ಇರವನ್ನೇ ಅವ್ಯವಸ್ಥೆಯೆಂದು ಕರೆದ ಮಂಡಲಿಯ ಅರ್ಥವಿವರಣೆಯಲ್ಲಿ ಅದು ಇತ್ತು. ತಮ್ಮ ಹೆಸರನ್ನು ಬಾಗಿಲಿನಲ್ಲಿ ಕಳೆದು, ಮೂರು ಡಾಲರನ್ನು ತೆತ್ತು, ಕೊಳಕು ಲೋಟದಲ್ಲಿ ನೀರುಮದ್ಯವನ್ನು ಕುಡಿದು, ತಮ್ಮಂತಹ ಇನ್ನೊಬ್ಬರೊಡನೆ ಕೆಲಹೊತ್ತು ಕುಣಿದುಹೋದವರ ಪಾಲಿಗೆ ಇದ್ದುದು ಎಷ್ಟು? ಎದುರಿಗಿನ ಕ್ರಿಸ್ಟೋಫರ್ ಉದ್ಯಾನದಲ್ಲಿ ಮನೆಯಿಂದ ಹೊರಹಾಕಲ್ಪಟ್ಟ ಹುಡುಗರು ಮಲಗುತ್ತಿದ್ದರು. ಆ ಮಕ್ಕಳನ್ನು ಹೊರದೂಡಿದ ತಂದೆತಾಯಿಗಳು ನೀತಿವಂತರೆಂದೂ, ಅವರನ್ನು ಒಳಗೆ ಬಿಟ್ಟುಕೊಂಡ ಹೆಂಡದಂಗಡಿಯು ಅನೀತಿಯ ಬೀಡೆಂದೂ ಹೇಳುವ ಧರ್ಮಶಾಸ್ತ್ರವು ಯಾವುದು?

೧೯೬೯ನೆಯ ಇಸವಿ ಜೂನ್ ತಿಂಗಳ ೨೭ನೆಯ ತಾರೀಖು ಶುಕ್ರವಾರ. ಆ ರಾತ್ರಿ ಸ್ಟೋನ್‌ವಾಲಿನಲ್ಲಿ ಸುಮಾರು ಇನ್ನೂರು ಜನರಿದ್ದರು. ತಾರೀಖು ಬದಲಾಗಿ, ಗಂಟೆ ಒಂದು ಹೊಡೆದು ಇಪ್ಪತ್ತು ನಿಮಿಷವಾದಾಗ, ಸೀಮೋರ್ ಪೈನ್ ಎಂಬ ಅಧಿಕಾರಿಯ ನಾಯಕತ್ವದಲ್ಲಿ ಪೋಲೀಸರು ಒಳನುಗ್ಗಿದರು. ಅಂಗಡಿಯಲ್ಲಿ ದೀಪಗಳು ಹೊತ್ತಿಕೊಂಡವು, ಕುಣಿತವು ನಿಂತಿತು. ಅಲ್ಲಿಯವರೆಗೆ ನಡೆದುಬಂದ ಸಂಪ್ರದಾಯದಂತೆ ಗಿರಾಕಿಗಳು ತಲೆತಗ್ಗಿಸಿ ಸಾಲುಗಟ್ಟಿ, ಗುರುತಿನ ಕಾಗದವನ್ನು ತೋರಿಸಿ, ಕತ್ತಲೆಯಲ್ಲಿ ಕರಗಿಹೋಗಬೇಕಾಗಿತ್ತು. ಹೆಂಗಸರ ಉಡುಪಿನಲ್ಲಿದ್ದವರನ್ನು ಪ್ರತ್ಯೇಕವಾಗಿ ಕರೆದು ಪರೀಕ್ಷಿಸಿ ಹಿಡಿದುಕೊಂಡು ಹೋಗುವುದೂ ಆ ಸಂಪ್ರದಾಯದ ಒಂದು ಭಾಗ. ಅಂದು ಮಾತ್ರ ಬಿಡುಗಡೆಯಾದವರು ಮನೆಗೆ ಹೋಗಲಿಲ್ಲ. ಬಾಗಿಲಿನೆದುರು ನಿಂತರು, ದಾರಿಹೋಕರು ಕೂಡಿದರು, ಉದ್ಯಾನದ ಹುಡುಗರು ಎದ್ದುಬಂದರು. ಹಿಡಿಯಲ್ಪಟ್ಟವರನ್ನು ಗಾಡಿಗೆ ತುಂಬುವಾಗ ಒಬ್ಬಾಕೆ ಪ್ರತಿಭಟಿಸಿ ಹೋರಾಡಿದಳು. ಮೊದಲು ಕಾಸುಗಳು ತೂರಿಬಂದವು, ಲಂಚಕ್ಕೆ ಅದೇ ತಕ್ಕ ಕಾಣಿಕೆಯೆಂಬಂತೆ. ಆಮೇಲೆ ಸೀಸೆಗಳು, ಕಲ್ಲುಗಳು. ಹಿಡಿಯಬಂದ ಪೋಲೀಸರೇ ಅಂಗಡಿಯೊಳಗೆ ಹೊಕ್ಕು ಬಾಗಿಲನ್ನು ಭದ್ರಪಡಿಸಿಕೊಳ್ಳಬೇಕಾಯಿತು. ಜನರು ವಾಹನ ನಿಲ್ಲಿಸಲು ಕಾಸು ಹಾಕುವ ಕಂಬವೊಂದನ್ನು ಕಿತ್ತು ಅದರಿಂದಲೇ ಬಾಗಿಲನ್ನು ಗುದ್ದಿದರು. ಗಲಭೆಯು ಕೆಲವು ರಾತ್ರಿಗಳವರೆಗೆ ಮರುಕೊಳಿಸಿತು. ಒಂದು ವರ್ಷದ ತರುವಾಯ, ೧೯೭೦ರ ಜೂನ್ ೨೮ರಂದು, ಸಾವಿರಾರು ಜನರು ಆ ಪೇಟೆಯಿಂದ ಸೆಂಟ್ರಲ್ ಪಾರ್ಕಿನವರೆಗೆ ಹಗಲು ಬೆಳಕಿನಲ್ಲಿ ಮೆರವಣಿಗೆಯಲ್ಲಿ ನಡೆದರು. ಐವತ್ತು ವರ್ಷಗಳು ಕಳೆದ ಮೇಲೆ, ೨೦೧೯ರ ಜೂನ್ ೬ರಂದು, ನಗರದ ಪೋಲೀಸ್ ಕಮೀಷನರು ತಮ್ಮ ಇಲಾಖೆಯು ಅಂದು ಮಾಡಿದುದು ತಪ್ಪೆಂದು ಬಹಿರಂಗವಾಗಿ ಕ್ಷಮೆಯನ್ನು ಬೇಡಿದರು. ಕ್ಷಮೆಯನ್ನು ಬೇಡಿದುದು ಪೋಲೀಸು, ಕುಡಿಯಬಂದವರಲ್ಲ. ನೀತಿಯ ತಕ್ಕಡಿಯು ಯಾವ ಕಡೆಗೆ ವಾಲಿತೆಂಬುದನ್ನು ಇಷ್ಟರಿಂದಲೇ ತಿಳಿಯಬಹುದು.

ಎರಡನೆಯ ಅಪವಾದವು ಇದಕ್ಕಿಂತ ಗೌರವಕ್ಕೆ ಪಾತ್ರವಾದುದು. ಮದ್ಯವು ಕೆಟ್ಟದ್ದು, ಅದು ಸಂಸಾರಗಳನ್ನು ಹಾಳುಮಾಡಿದೆ, ಒಂಟಿತನದಿಂದ ನೊಂದವನ ಕೈಗೆ ಸಿಕ್ಕಿದಾಗ ಅದರ ಕೇಡು ಇಮ್ಮಡಿಯಾಗುವುದು. ಈ ಮಾತಿನಲ್ಲಿ ಸತ್ಯವಿದೆ. ಅದನ್ನು ಅಲ್ಲಗಳೆಯುವುದಕ್ಕೆ ಯಾರೂ ಶ್ರಮಪಡಬೇಕಾಗಿಲ್ಲ. ಆದರೆ ಆಕ್ಷೇಪಕರು ತಮ್ಮ ಮಾತಿನಲ್ಲಿ ಪ್ರಾಮಾಣಿಕರಾಗಿದ್ದರೆ ಇನ್ನೊಂದು ಹೆಜ್ಜೆ ಮುಂದಕ್ಕೆ ಬರಬೇಕು. ಗ್ರೋವ್ ಬೀದಿಯ ೫೯ನೆಯ ನಂಬರಿನಲ್ಲಿ, ಕೆಲವು ಮೆಟ್ಟಲುಗಳನ್ನು ಇಳಿದರೆ, ಮರೀಸ್ ಕ್ರೈಸಿಸ್ ಎಂಬ ನೆಲಮಾಳಿಗೆಯ ಪಾನಗೃಹವಿದೆ. ಮನುಷ್ಯನ ಹಕ್ಕುಗಳನ್ನು ಕುರಿತು ಗ್ರಂಥವನ್ನು ಬರೆದ ಥಾಮಸ್ ಪೇನನು ೧೮೦೯ರಲ್ಲಿ ತೀರಿಕೊಂಡುದು ಆ ಸ್ಥಳದಲ್ಲಿದ್ದ ಮನೆಯಲ್ಲಿ. ಹೆಸರಿನಲ್ಲಿರುವ ಕ್ರೈಸಿಸ್ ಎಂಬ ಪದವು ಅವನ ಲೇಖನಮಾಲೆಯನ್ನೇ ಸೂಚಿಸುವುದು. ಅಲ್ಲಿ ಶುಕ್ರವಾರ ರಾತ್ರಿ ನಡೆಯುವುದು ಏನು? ಪಿಯಾನೋ ಒಂದರ ಸುತ್ತಲೂ ಪರಸ್ಪರ ಪರಿಚಯವಿಲ್ಲದವರು ಒತ್ತಾಗಿ ನಿಂತು, ನಾಟಕಗಳ ಹಾಡುಗಳನ್ನು ಒಟ್ಟಿಗೆ ಹಾಡುವರು. ಕನ್ನಡದ ಹಳ್ಳಿಯಲ್ಲಿ ಭಜನೆಯ ಮೇಳಕ್ಕೆ ಸೇರುವವರಿಗೆ ಈ ಸುಖವು ಹೊಸದಲ್ಲ. ಮನುಷ್ಯನು ಅಲ್ಲಿಗೆ ಹೋಗುವುದು ಗಂಟಲಿನ ದಾಹಕ್ಕಾಗಿ ಮಾತ್ರವೇ ಆಗಿದ್ದರೆ, ಸೀಸೆಯನ್ನು ಕೊಂಡು ಮನೆಯಲ್ಲಿ ಕುಡಿಯುವುದು ಅರ್ಧ ಬೆಲೆಗೆ ಆಗುತ್ತಿತ್ತು.

ಪ್ರಾರ್ಥನೆಯನ್ನೂ ಹೆಂಡದಂಗಡಿಯಲ್ಲಿಯೇ ಮಾಡಬೇಕಾದ ಕಾಲವೊಂದಿತ್ತು. ನ್ಯೂ ಆರ್ಲಿಯನ್ಸ್ ನಗರದ ಅಪ್‌ಸ್ಟೇರ್ಸ್ ಲೌಂಜ್ ಎಂಬ ಪಾನಗೃಹದಲ್ಲಿ ಸಮಲಿಂಗಾನುರಾಗಿಗಳ ಒಂದು ಕ್ರೈಸ್ತ ಸಭೆಯು ಆರಾಧನೆಯನ್ನು ನಡೆಸಿದುದುಂಟು. ೧೯೭೩ರ ಜೂನ್ ೨೪ರಂದು, ಭಾನುವಾರದ ಸಂಜೆ, ಆ ಮಾಳಿಗೆಗೆ ಯಾರೋ ಹಚ್ಚಿದ ಬೆಂಕಿಯಲ್ಲಿ ೩೨ ಜನರು ಸತ್ತರು. ಶವಸಂಸ್ಕಾರಕ್ಕೆ ಬಾಗಿಲನ್ನು ತೆರೆಯಲು ಊರಿನ ಹಲವು ಚರ್ಚುಗಳು ಒಪ್ಪಲಿಲ್ಲ. ಬದುಕಿದ್ದಾಗ ದೇವಾಲಯದಲ್ಲಿ ಎಡೆಯಿಲ್ಲದೆ ಹೆಂಡದಂಗಡಿಯಲ್ಲಿ ದೇವರನ್ನು ನೆನೆದವರಿಗೆ ಸತ್ತ ಮೇಲೆಯೂ ದೇವಾಲಯದಲ್ಲಿ ಎಡೆಯಿಲ್ಲವಾಯಿತು. ಪಾನದ ದೋಷವನ್ನು ಇವರಿಗೆ ಬೋಧಿಸುವ ಅಧಿಕಾರವು ಆ ಚರ್ಚುಗಳಿಗೆ ಉಂಟೇ?

ಮದ್ಯವಿಲ್ಲದ ಮನೆಯು ದೊರೆತಾಗ ಈ ಜನರು ಅದನ್ನು ಹೇಗೆ ಬಳಸಿದರೆಂಬುದನ್ನೂ ನ್ಯಾಯವಾಗಿ ಹೇಳಬೇಕು. ೧೯೮೧ರಲ್ಲಿ ಏಡ್ಸ್ ರೋಗವು ಕಾಣಿಸಿಕೊಂಡಾಗ, ಸರ್ಕಾರಗಳು ಮೌನವಾಗಿದ್ದ ಆ ಮೊದಲ ದಿನಗಳಲ್ಲಿ, ರೋಗಿಗಳ ಶುಶ್ರೂಷೆಗಾಗಿ ೧೯೮೨ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಸಂಸ್ಥೆಯನ್ನು ಕಟ್ಟಿದವರು ಇವರೇ. ಅದಕ್ಕೆ ಮೊದಲ ದೊಡ್ಡ ನಿಧಿಯು ಕೂಡಿದುದು ಪ್ಯಾರಡೈಸ್ ಗರಾಜ್ ಎಂಬ ನೃತ್ಯಶಾಲೆಯಲ್ಲಿ. ೧೯೮೩ರಲ್ಲಿ ಪಶ್ಚಿಮ ಹದಿಮೂರನೆಯ ಬೀದಿಯ ಹಳೆಯ ಪಾಠಶಾಲೆಯ ಕಟ್ಟಡವೊಂದರಲ್ಲಿ ಇವರ ಸಮುದಾಯಭವನವು ತೆರೆಯಿತು. ೧೯೮೭ರ ಮಾರ್ಚಿಯಲ್ಲಿ ಔಷಧಕ್ಕಾಗಿ ಹೋರಾಡಿದ ಆಕ್ಟ್ ಅಪ್ ಸಂಘವು ಹುಟ್ಟಿದುದು ಆ ಭವನದಲ್ಲಿ. ಮನೆಯನ್ನು ಕೊಟ್ಟರೆ ಮನೆವಂತರಾಗುವರೆಂಬುದಕ್ಕೆ ಇನ್ನೇನು ಪ್ರಮಾಣ ಬೇಕು? ಪಾನವಿರೋಧಿಗಳ ಕೆಲಸವು ಈಚಲ ಮರವನ್ನು ಕಡಿಯುವುದರಿಂದ ಆರಂಭವಾಗಕೂಡದು. ಅರಳಿಕಟ್ಟೆಯಲ್ಲಿ ಎಡೆಕೊಡುವುದರಿಂದ ಆರಂಭವಾಗಬೇಕು.

ಇಲ್ಲಿ ಪಾನಗೃಹಗಳ ಭಕ್ತರಿಗೂ ಒಂದು ಮಾತನ್ನು ಹೇಳದೆ ಬಿಡುವುದು ಪಕ್ಷಪಾತವಾದೀತು. ಜೂಲಿಯಸ್ಸಿನಲ್ಲಿ ಲೋಟವನ್ನು ಕೇಳಿದ ಕ್ರೇಗ್ ರಾಡ್ವೆಲನು ಮರುವರ್ಷವೇ, ೧೯೬೭ರಲ್ಲಿ, ಆಸ್ಕರ್ ವೈಲ್ಡನ ಹೆಸರಿನಲ್ಲಿ ಒಂದು ಪುಸ್ತಕದಂಗಡಿಯನ್ನು ತೆರೆದನು. ಹೆಂಡದಂಗಡಿಯ ಕತ್ತಲೆಗೆ ಬದಲಾಗಿ ಹಗಲಿನಲ್ಲಿ ಬೀದಿಗೆ ತೆರೆದ ಕಿಟಕಿಯುಳ್ಳ ಸ್ಥಳವೊಂದು ಬೇಕೆಂಬುದು ಅವನ ಆಶೆ. ಮುಂದೆ ಆ ಅಂಗಡಿಯು ಕ್ರಿಸ್ಟೋಫರ್ ಬೀದಿಗೇ ಬಂದಿತು. ನಲವತ್ತು ವರ್ಷಗಳಿಗೆ ಮೇಲ್ಪಟ್ಟು ನಡೆದು ೨೦೦೯ರಲ್ಲಿ ಮುಚ್ಚಿಹೋಯಿತು. ಹೆಂಡದಂಗಡಿಗಳು ಉಳಿದವು. ತಮ್ಮ ಇತಿಹಾಸವನ್ನು ಪಾನಗೃಹದ ಗೋಡೆಗೆ ತೂಗುಹಾಕಿದ ಚಿತ್ರಗಳಲ್ಲಿ ಮಾತ್ರ ಕಂಡು, ಪುಸ್ತಕದ ಬಾಗಿಲನ್ನು ಮುಚ್ಚಗೊಟ್ಟ ಜನಾಂಗವು ತನಗೆ ತಾನೇ ಅನ್ಯಾಯವನ್ನು ಮಾಡಿಕೊಂಡಿತು. ಹೆಂಗಸರ ಪಾನಗೃಹಗಳ ಸ್ಥಿತಿಯೂ ಯೋಚನೆಗೆ ಕಾರಣವಾಗಿದೆ. ೧೯೮೦ರ ದಶಕದಲ್ಲಿ ಅಮೇರಿಕದಲ್ಲೆಲ್ಲ ಸುಮಾರು ಇನ್ನೂರರಷ್ಟಿದ್ದ ಅವುಗಳ ಸಂಖ್ಯೆಯು ೨೦೨೦ರ ಹೊತ್ತಿಗೆ ಮೂವತ್ತಕ್ಕೂ ಕಡಮೆಯಾಗಿತ್ತು. ಗ್ರೀನಿಚ್ ವಿಲೇಜಿನ ಕಬಿಹೋಲ್, ಹೆನ್ರಿಯೆಟ್ಟಾ ಹಡ್ಸನ್ ಎಂಬ ಎರಡು ಹಾಗೆ ಉಳಿದುಬಂದವುಗಳಲ್ಲಿ ಸೇರಿವೆ. ಹೆಣ್ಣಿನ ಕೈಯಲ್ಲಿ ಹಣ ಕಡಮೆ, ನಗರದಲ್ಲಿ ಬಾಡಿಗೆ ಹೆಚ್ಚು. ಲಾಭವೊಂದನ್ನೇ ನೋಡುವ ವ್ಯಾಪಾರದ ಕೈಗೆ ಸಮುದಾಯದ ಮನೆಯನ್ನು ಒಪ್ಪಿಸಿದರೆ ಬಡವರೇ ಮೊದಲು ಹೊರಬೀಳುವರು. ಹೆಂಡದಂಗಡಿಯು ಆಶ್ರಯವನ್ನೇನೋ ಕೊಟ್ಟಿತು. ಆಶ್ರಯದ ಬಾಡಿಗೆಯನ್ನು ಪ್ರತಿ ಲೋಟದಲ್ಲಿಯೂ ವಸೂಲು ಮಾಡಿಕೊಂಡಿತು.

ಮೂರನೆಯ ಅಪವಾದವು ನಯವಾದುದು, ಅದರಿಂದಲೇ ಅಪಾಯಕರವಾದುದು. ಎಲ್ಲವೂ ದೊರೆತ ಮೇಲೆ ಇವುಗಳೇಕೆಂದು ಅದು ಕೇಳುವುದು. ದೊರೆತುದು ನಿಜವೇ. ೨೦೧೧ನೆಯ ಇಸವಿ ಜೂನ್ ೨೪ನೆಯ ತಾರೀಖು ಶುಕ್ರವಾರ ರಾತ್ರಿ ನ್ಯೂಯಾರ್ಕ್ ರಾಜ್ಯದ ಸೆನೆಟ್ಟು ೩೩ಕ್ಕೆ ೨೯ ಮತಗಳಿಂದ ಸಮಲಿಂಗವಿವಾಹಕ್ಕೆ ಒಪ್ಪಿಗೆ ಕೊಟ್ಟಿತು. ೨೦೧೫ರ ಜೂನ್ ೨೬ರಂದು, ಅದೂ ಒಂದು ಶುಕ್ರವಾರ, ಅಮೇರಿಕದ ಸರ್ವೋಚ್ಚ ನ್ಯಾಯಾಲಯವು ಆ ಹಕ್ಕನ್ನು ದೇಶಕ್ಕೆಲ್ಲ ವಿಸ್ತರಿಸಿತು. ಆ ಎರಡು ದಿನವೂ ಜನರು ಓಡಿಬಂದು ನೆರೆದುದು ಎಲ್ಲಿ? ಸ್ಟೋನ್‌ವಾಲಿನ ಬಾಗಿಲಿನೆದುರು. ಸಂತೋಷಕ್ಕೆ ನೆರೆದ ಸ್ಥಳಕ್ಕೇ ದುಃಖಕ್ಕೂ ನೆರೆಯಬೇಕಾಯಿತು. ೨೦೧೬ರ ಜೂನ್ ೧೨ರ ನಡುರಾತ್ರಿಯ ಮೇಲೆ ಫ್ಲಾರಿಡಾದ ಆರ್ಲ್ಯಾಂಡೋ ಪಟ್ಟಣದ ಪಲ್ಸ್ ಎಂಬ ನೃತ್ಯಶಾಲೆಯಲ್ಲಿ ಬಂದೂಕುಧಾರಿಯೊಬ್ಬನು ೪೯ ಜನರನ್ನು ಕೊಂದನು. ವಿವಾಹದ ಹಕ್ಕು ದೊರೆತು ಆಗ ಒಂದು ವರ್ಷವೂ ತುಂಬಿರಲಿಲ್ಲ. ಅದೇ ತಿಂಗಳ ೨೪ರಂದು ಅಧ್ಯಕ್ಷ ಒಬಾಮರು ಸ್ಟೋನ್‌ವಾಲಿನ ನೆಲೆಯನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರು. ೨೦೨೫ರ ಫೆಬ್ರುವರಿಯಲ್ಲಿ ಅದೇ ಸ್ಮಾರಕವನ್ನು ವರ್ಣಿಸುವ ಸರ್ಕಾರದ ಜಾಲಪುಟದಿಂದ ಲಿಂಗಪರಿವರ್ತಿತರನ್ನು ಸೂಚಿಸುವ ಪದವನ್ನು ಕೇಂದ್ರ ಸರ್ಕಾರದವರೇ ತೆಗೆದುಹಾಕಿದರು. ಕಾಗದದ ಮೇಲೆ ಬರೆದುಕೊಟ್ಟ ಹಕ್ಕನ್ನು ಕಾಗದದಿಂದ ಅಳಿಸಬಹುದು. ನಾಲ್ಕು ಗೋಡೆಗಳ ನಡುವೆ ಪರಸ್ಪರ ಮುಖವನ್ನು ಕಂಡು ಕೂಡಿದವರನ್ನು ಅಳಿಸುವುದು ಅಷ್ಟು ಸುಲಭವಲ್ಲ. ಮೊಬೈಲಿನಲ್ಲಿ ಒಡನಾಡಿಯನ್ನು ಹುಡುಕಿಕೊಳ್ಳುವ ಸೌಕರ್ಯವು ಬಂದಿರುವುದರಿಂದ ಕೂಡುವ ಮನೆ ಬೇಡವೆನ್ನುವವರು ಈ ವ್ಯತ್ಯಾಸವನ್ನು ಮರೆತಿದ್ದಾರೆ. ಮೊಬೈಲಿನಿಂದ ಇಬ್ಬರು ಸೇರಬಹುದು. ಬಾಗಿಲಿನೆದುರು ನಿಲ್ಲುವ ಸಮೂಹವು ಅದರಿಂದ ಹುಟ್ಟುವುದಿಲ್ಲ.

ಇದು ದೂರದೇಶದ ವಿಚಾರ, ಕನ್ನಡಿಗರಿಗೆ ಇದರಿಂದೇನೆಂದು ಕೇಳುವವರಿಗೆ ಒಂದೆರಡು ಸಂಗತಿಗಳು ಸಾಕು. ಇಂತಹ ಪ್ರೇಮವನ್ನು ಅಪರಾಧವೆಂದ ೩೭೭ನೆಯ ಕಲಮು ಈ ನೆಲದಲ್ಲಿ ಹುಟ್ಟಿದುದಲ್ಲ. ಮೆಕಾಲೆಯ ಕರಡಿನಿಂದ ಬೆಳೆದು, ೧೮೬೦ರಲ್ಲಿ ಅಂಗೀಕೃತವಾಗಿ, ೧೮೬೨ರಿಂದ ಜಾರಿಗೆ ಬಂದ ದಂಡಸಂಹಿತೆಯಲ್ಲಿ ಆಂಗ್ಲ ಅಧಿಕಾರಿಗಳು ಬರೆದುದು. ಅದನ್ನು ದೆಹಲಿಯ ಉಚ್ಚ ನ್ಯಾಯಾಲಯವು ೨೦೦೯ರಲ್ಲಿ ಸಡಿಲಿಸಿತು. ೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪುನಃ ಬಿಗಿಯಿತು. ೨೦೧೮ರ ಸೆಪ್ಟೆಂಬರ್ ೬ರಂದು ಅದೇ ನ್ಯಾಯಾಲಯದ ಐವರು ನ್ಯಾಯಾಧೀಶರು ಒಮ್ಮತದಿಂದ, ಪ್ರಾಪ್ತವಯಸ್ಕರ ಸಮ್ಮತಿಯ ಪ್ರೇಮವು ಅಪರಾಧವಲ್ಲವೆಂದು ತೀರ್ಮಾನಿಸಿದರು. ಕ್ರಿಸ್ಟೋಫರ್ ಬೀದಿಯ ಗಲಭೆಯ ನೆನಪಿಗೆಂದು ಜಗತ್ತಿನ ಅನೇಕ ನಗರಗಳಲ್ಲಿ ಜೂನ್ ತಿಂಗಳ ಕೊನೆಯಲ್ಲಿ ಮೆರವಣಿಗೆಗಳು ನಡೆಯುವವು. ೨೦೦೮ರ ಜೂನ್ ೨೯ರಂದು ಬೆಂಗಳೂರಿನ ಬೀದಿಯಲ್ಲಿಯೂ ಅಂತಹ ಮೆರವಣಿಗೆಯೊಂದು ನಡೆಯಿತು. ಪರದೇಶದ ಕಲಮನ್ನು ನೂರೈವತ್ತು ವರ್ಷ ತಲೆಯ ಮೇಲೆ ಹೊತ್ತವರು ಪರದೇಶದ ಮೆರವಣಿಗೆಯನ್ನು ಮಾತ್ರ ಪರಕೀಯವೆಂದು ದೂರುವುದು ಯಾವ ನ್ಯಾಯ?

ಕಾನೂನು ತನ್ನ ಕೈಯನ್ನು ಲೋಟದ ಮೇಲಿನಿಂದ ತೆಗೆದಿದೆ. ಜೂಲಿಯಸ್ ಪಾನಗೃಹವನ್ನು ನ್ಯೂಯಾರ್ಕ್ ನಗರವು ೨೦೨೨ರ ಡಿಸೆಂಬರಿನಲ್ಲಿ ಸಂರಕ್ಷಿತ ಕಟ್ಟಡವೆಂದು ಘೋಷಿಸಿತು. ಆದರೆ ಮನೆಯ ಹೊಸ್ತಿಲಿನ ಮೇಲೆ ಅಡ್ಡವಾಗಿ ಚಾಚಿದ ಕೈಯನ್ನು ತೆಗೆಸುವ ಅಧಿಕಾರವು ಯಾವ ನ್ಯಾಯಾಲಯಕ್ಕೂ ಇಲ್ಲ. ಅದು ತಂದೆತಾಯಿಗಳ ಕೈ, ಅಣ್ಣತಮ್ಮಂದಿರ ಕೈ. ಶುಕ್ರವಾರದ ಸಂಜೆ ದೀಪವನ್ನು ಹಚ್ಚಿದ ಮನೆಯೊಳಗೆ ಎಲ್ಲ ಮಕ್ಕಳನ್ನೂ ಅವರಿದ್ದಂತೆಯೇ ಕರೆದುಕೊಂಡವರು, ಆಮೇಲೆ ಹೆಂಡದಂಗಡಿಯ ಕೇಡನ್ನು ಕುರಿತು ಎಷ್ಟು ಬೇಕಾದರೂ ಉಪದೇಶಿಸಲಿ. ಆ ಕೈಯನ್ನು ಇನ್ನೂ ಹಿಂದಕ್ಕೆ ತೆಗೆದುಕೊಳ್ಳದವರು, ಮಗನು ಈಚಲ ಮರದ ಕೆಳಗೆ ಏಕೆ ಕುಳಿತನೆಂದು ಕೇಳುವುದಕ್ಕೆ ಮೊದಲು, ಅಂಗಳದ ಮರಗಳನ್ನೆಲ್ಲ ಕಡಿದ ಕೊಡಲಿಯು ಯಾರ ಕೈಯಲ್ಲಿದೆಯೆಂದು ನೋಡಿಕೊಳ್ಳುವುದು ಒಳ್ಳೆಯದು.